ಎದುರುಗಡೆ ಸರಿಯಿಲ್ಲ

ಕನ್ನಡಕದವನ ಹೆಂಡತಿಗೆ ಒಂದು ಬಾಗಿಲು ಬೇಕಾಗಿತ್ತು. ಒಂಬತ್ತು ವರ್ಷದಿಂದ ಬೇಕಾಗಿತ್ತು. ಗಂಡ ಹೆಂಡಿರಿಬ್ಬರೂ ಇದ್ದದ್ದು ಮೂರನೆಯ ಮಹಡಿಯ ಒಂದೇ ಕೋಣೆಯ ಮನೆಯಲ್ಲಿ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಮಂಚ, ನಡುವೆ ಸಂಸಾರ. ಇದ್ದ ಬಾಗಿಲು ಎರಡೇ. ಒಂದು ಹೊರಗೆ ಹೋಗುವುದಕ್ಕೆ, ಇನ್ನೊಂದು ಬಚ್ಚಲಿಗೆ. ಜಗಳವಾಡಿ ಧಡಾರನೆ ಹಾಕಿಕೊಳ್ಳುವುದಕ್ಕೆ ಒಂದು ಬಾಗಿಲೂ ಇಲ್ಲದ ಮೇಲೆ ಅದೆಂಥಾ ಮನೆ? ಮುನಿಸಿಕೊಂಡರೆ ಗೋಡೆಯ ಕಡೆ ತಿರುಗಿ ಕೂರಬೇಕು. ಕೂತರೆ ಮುಖಕ್ಕೆ ಸರಿಯಾಗಿ ಕ್ಯಾಲೆಂಡರು. ತಾರೀಖು ನೋಡುತ್ತಾ ಎಷ್ಟು ಹೊತ್ತು ಮುನಿಸು ನಿಂತೀತು?

ಅವಳು ಶಿಶುವಿಹಾರದ ಟೀಚರು. ಬೀದಿಗೆಲ್ಲ ‘ಮಿಸ್’. ದಿನವಿಡೀ ನಲವತ್ತು ಮಕ್ಕಳ ಅಳು, ಮೂಗು, ಶೂ ಲೇಸುಗಳನ್ನು ಸಂಭಾಳಿಸಿ ಮನೆಗೆ ಬಂದವಳಿಗೆ ಒಂದು ಗಂಟೆ ಯಾರ ಮುಖವೂ ಬೇಡ ಎನಿಸುತ್ತಿತ್ತು. ಆದರೆ ಆರು ಗಂಟೆಗೆ ಸರಿಯಾಗಿ ನಲವತ್ತೊಂದನೆಯದು ಅಂಗಡಿಯಿಂದ ಬಂದು, ಚಪ್ಪಲಿ ಬಿಡುವ ಮೊದಲೇ, “ಏನ್ ಯೋಚನೆ ಮಾಡ್ತಿದ್ದೀಯ?” ಎಂದು ಕೇಳುತ್ತಿತ್ತು.

ಅವನ ತಪ್ಪಲ್ಲ, ಕುತೂಹಲ ಅವನ ಹುಟ್ಟುಗುಣ. ಬಸ್ಸಿನಲ್ಲಿ ಪಕ್ಕದವರ ಪತ್ರಿಕೆ ಓದುತ್ತಾನೆ. ಅವರು ಪುಟ ತಿರುಗಿಸಲು ಹೋದರೆ “ಒಂದ್ ನಿಮಿಷ” ಎನ್ನುತ್ತಾನೆ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವನ ಕೆಲಸ. ಬೆಳಗಿನಿಂದ ಸಂಜೆವರೆಗೆ ಬಂದವರ ಮೂಗಿನ ಮೇಲೆ ಗಾಜು ಬದಲಾಯಿಸುತ್ತ, “ಇದು ಚೆನ್ನಾಗಿ ಕಾಣತ್ತಾ, ಅದು ಚೆನ್ನಾಗಿ ಕಾಣತ್ತಾ?” ಎಂದು ಕೇಳಿ ಕೇಳಿ, ಮನೆಗೆ ಬಂದ ಮೇಲೆ ತನಗೂ ಏನಾದರೂ ಚೆನ್ನಾಗಿ ಕಾಣಬೇಕಲ್ಲ ಎನಿಸುವುದು ಸಹಜ. ಅದಕ್ಕೆಂದೇ ದಿನಕ್ಕೆ ಎರಡು ಹೊತ್ತು, ನೀಲಿ ಕಪ್ಪಿನಲ್ಲಿ ಚಹಾ ಹಿಡಿದು ಕಿಟಕಿಯಲ್ಲಿ ನಿಲ್ಲುತ್ತಿದ್ದ. ಕೇಳಿದರೆ ಗಾಳಿಗೆ ನಿಂತಿದ್ದೇನೆ ಎನ್ನುತ್ತಿದ್ದ. (ಗಾಳಿ ಎದುರುಗಡೆಯ ಕಟ್ಟಡದ ಮೂರನೆಯ ಮಹಡಿಯಿಂದಲೇ ಬೀಸುತ್ತಿತ್ತು ಎಂಬುದು ಬೇರೆ ಮಾತು.)

ಬೀದಿ ಕಿರಿದು. ಎರಡು ಕಾರು ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಹೀಗಾಗಿ ಎದುರುಗಡೆಯ ಆ ಮನೆ, ಅಂದರೆ ಒಂದು ಹಾಲ್, ಒಂದು ಮಲಗುವ ಕೋಣೆ, ಅಡುಗೆಮನೆ, ಅಂಗೈಯಗಲದ ಬಾಲ್ಕನಿ, ಎಲ್ಲ ಅವನ ಕಣ್ಣಳತೆಯಲ್ಲೇ ಇತ್ತು. ಎರಡು ವರ್ಷದಲ್ಲಿ ಅಲ್ಲಿಗೆ ಮೂರು ಬಾಡಿಗೆದಾರರು ಬಂದರು, ಮೂರೂ ಜನ ಹೋದರು. ಮೊದಲು ಬಂದವರು ಹೊಸದಾಗಿ ಮದುವೆಯಾದವರು. ಒಂದೇ ಸೋಫಾವನ್ನು ವಾರಕ್ಕೊಂದು ಗೋಡೆಗೆ ಸರಿಸುತ್ತಿದ್ದ ಅವರಿಗೆ ಕನ್ನಡಕದವನು ‘ಸೋಫಾ ದಂಪತಿ’ ಎಂದು ಹೆಸರಿಟ್ಟಿದ್ದ. ಆಮೇಲೆ ಬಂದದ್ದು ‘ಹಗ್ಗದ ತಾತ’, ಬೆಳಗ್ಗೆ ಏಳಕ್ಕೆ ಹಗ್ಗ ಜಿಗಿಯುತ್ತಿದ್ದ ನಿವೃತ್ತರು. ನೂರು ಎಂದು ಲೆಕ್ಕ ಹೇಳಿ ಅರವತ್ತಕ್ಕೇ ನಿಲ್ಲಿಸುತ್ತಿದ್ದರು. ಕೊನೆಗೆ ‘ಕುಂಡದಮ್ಮ’, ಬಾಲ್ಕನಿಯ ಗಿಡಗಳ ಜೊತೆ ಮಾತಾಡುತ್ತಿದ್ದ ಒಂಟಿ ಹೆಂಗಸು. ಆರು ತಿಂಗಳಾಗುವಷ್ಟರಲ್ಲಿ ಅವರೂ ಗಂಟುಮೂಟೆ ಕಟ್ಟಿದರು. ಬಾಲ್ಕನಿಯಲ್ಲಿ ಒಂದು ಕುಂಡ, ಪಕ್ಕದಲ್ಲಿ ‘ಬಾಡಿಗೆಗೆ ಇದೆ’ ಎಂಬ ಹಲಗೆ ಉಳಿದವು.

ಮಿಸ್ ಆ ಹಲಗೆಯನ್ನು ಓದಿ, ಪೊರಕೆ ಕೆಳಗಿಟ್ಟು, “ಆ ಮಲಗೋ ಕೋಣೆಗೆ ಬಾಗಿಲಿದೆಯಾ?” ಎಂದು ಕೇಳಿದಳು. ಇದೆ ಎಂದ ಗಂಡ. ಕಂದುಬಣ್ಣ, ಎಡಕ್ಕೆ ತೆರೆಯುತ್ತದೆ, ಚಿಲಕ ಮಾತ್ರ ಸಡಿಲ. ಇಷ್ಟೆಲ್ಲ ಹೇಗೆ ಗೊತ್ತು ಎಂದು ಅವಳು ಕೇಳಲಿಲ್ಲ. ಹಾಗಿದ್ದರೆ ಹೋಗಿ ನೋಡೋಣ ಎಂದಳು.

ಮನೆಯೊಡತಿ ಊರಿನ ಇನ್ನೊಂದು ತುದಿಯಲ್ಲಿದ್ದವರು, ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಮಾತು ಕಡಿಮೆ. ಎದುರಿಗಿದ್ದವರ ನಾಡಿಯನ್ನು ಕಣ್ಣಲ್ಲೇ ಹಿಡಿಯುವಂಥವರು. ಬೀಗ ತೆಗೆದು ಗೋಡೆಗೊರಗಿ ನಿಂತರು. ಮಿಸ್ ನೇರವಾಗಿ ಮಲಗುವ ಕೋಣೆಗೆ ಹೋಗಿ ಒಳಗಿಂದ ಬಾಗಿಲು ಹಾಕಿಕೊಂಡಳು. ಐದು ನಿಮಿಷ ಹೊರಗೆ ಬರಲಿಲ್ಲ. ಬಂದಾಗ ಅವಳ ಮುಖದಲ್ಲಿ ಅವನು ಒಂಬತ್ತು ವರ್ಷದಲ್ಲಿ ಕಾಣದ ಒಂದು ಕಳೆಯಿತ್ತು.

ಅವನಾದರೋ ಸಂಶೋಧನೆಗೆ ಇಳಿದಿದ್ದ. ಗೋಡೆಗಳನ್ನು ಬೆರಳ ಗಿಣ್ಣಿನಿಂದ ಬಡಿದ. ಎಲ್ಲ ನಲ್ಲಿಗಳನ್ನು ಒಟ್ಟಿಗೆ ಬಿಟ್ಟ. ನೆಲಕ್ಕೆ ಕಿವಿಯಿಟ್ಟು ಕೆಳಗಿನ ಮನೆಯವರ ರೇಡಿಯೋ ಕೇಳಿಸುತ್ತದೆಯೇ ಎಂದು ನೋಡಿದ. ನೀರು ಬಂತು, ತೇವ ಇರಲಿಲ್ಲ, ರೇಡಿಯೋ ಕೇಳಿಸಲಿಲ್ಲ. ಬಾಡಿಗೆಯೂ ಬೀದಿಯ ದರಕ್ಕಿಂತ ಚೂರು ಕಡಿಮೆಯೇ. ಅವನ ಅನುಮಾನ ಎರಡರಷ್ಟಾಯಿತು. ಎಲ್ಲ ಸರಿಯಿರುವ ಮನೆಯನ್ನು ಮೂರು ಜನ ಯಾಕೆ ಬಿಟ್ಟುಹೋಗುತ್ತಾರೆ?

ಮನೆಯೊಡತಿಯನ್ನೇ ಕೇಳಿದ. ಹೋದವರಿಗೆ ಹೋದವರ ಕಾರಣ ಎಂದು ಆಕೆ ತುಟಿ ಬಿಗಿದರು. ಭಾನುವಾರದೊಳಗೆ ಹೇಳಿ, ಇನ್ನೊಬ್ಬರು ಕಾಯುತ್ತಿದ್ದಾರೆ ಎಂದು ಬೀಗದ ಕೈ ಚೀಲಕ್ಕೆ ಹಾಕಿಕೊಂಡರು.

ಮೆಟ್ಟಿಲಿಳಿಯುವಾಗಲೇ ಗಂಡ ಹೆಂಡಿರ ವಾದ ಹತ್ತಿಕೊಂಡಿತು. ತಗೊಂಡುಬಿಡೋಣ ಎಂದಳು ಅವಳು. ಆತುರಗಾರನಿಗೆ ಬುದ್ಧಿ ಮಟ್ಟ, ಕಾರಣ ತಿಳಿಯದೆ ಹೇಗೆ ತಗೊಳ್ಳೋದು ಎಂದ ಅವನು. ಮದುವೆಗೆ ಮುಂಚೆ ನನ್ನ ಬಗ್ಗೆ ಇಷ್ಟು ವಿಚಾರಿಸಿದ್ದಿರಾ ಎಂದಳು. ಇಲ್ಲ, ಅದಕ್ಕೇ ಈ ಸಲ ವಿಚಾರಿಸ್ತಿದ್ದೀನಿ ಎಂದ. (ಈ ಮಾತಿನ ಬೆಲೆ ಅವನು ಅಂದಿನ ಊಟದಲ್ಲಿ ತೆತ್ತ.)

ಮಾರನೆಯ ದಿನದಿಂದ ಮಹಾತನಿಖೆ ಶುರುವಾಯಿತು. ಮೊದಲು ಎದುರು ಕಟ್ಟಡದ ವಾಚ್‌ಮನ್. ಮೂರನೇ ಮಹಡಿಯಲ್ಲಿ ಯಾಕಯ್ಯ ಯಾರೂ ನಿಲ್ಲಲ್ಲ ಎಂದು ಕೇಳಿದ. ವಾಚ್‌ಮನ್ ಬೀಡಿ ಬಾಯಿಂದ ತೆಗೆದು ಅವನನ್ನೇ ಸ್ವಲ್ಪ ಹೊತ್ತು ನೋಡಿ, “ನಿಮಗೆ ಗೊತ್ತಿಲ್ವಾ ಸಾರ್?” ಎಂದ. ಗೊತ್ತಿದ್ದರೆ ಕೇಳುತ್ತಿದ್ದೆನಾ ಎಂದರೆ, “ಎದುರುಗಡೆ ಸರಿಯಿಲ್ಲ ಅಂತಾರೆ ಸಾರ್” ಎಂದವನೇ ಗೇಟು ತೆರೆಯುವ ಕೆಲಸ ನೆನಪಾದವನಂತೆ ಎದ್ದುಹೋದ. ಗೇಟು ತೆರೆದೇ ಇತ್ತು.

ಇಸ್ತ್ರಿ ಅಂಗಡಿಯವನೂ ಹಾಗೆಯೇ. ಎದುರುಗಡೆ ಏನೋ ತೊಂದರೆಯಂತೆ ಎಂದು ಹೇಳಿ ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೆ ಮರೆತು ಕಾಲರ್ ಸುಟ್ಟುಕೊಂಡ. ಅದೇ ಕಟ್ಟಡದ ಎರಡನೆಯ ಮಹಡಿಯ ಅಜ್ಜಿ ಬಾಗಿಲು ಅರ್ಧ ತೆರೆದು, ಅವನ ಪ್ರಶ್ನೆ ಕೇಳಿಸಿಕೊಂಡು, ಅವನನ್ನು ಮೇಲಿಂದ ಕೆಳಗೆ ನೋಡಿ, ಪೂರ್ತಿ ಮುಚ್ಚಿದರು. ಒಳಗೆ ಯಾರೋ ನಕ್ಕದ್ದು ಕೇಳಿಸಿತು.

ಎದುರುಗಡೆ ಎಂದರೆ ಏನು? ಅವನು ಎದುರು ಕಟ್ಟಡದ ಮೂರನೆಯ ಮಹಡಿಯ ಮೆಟ್ಟಿಲ ಕಿಂಡಿಯಲ್ಲಿ ನಿಂತು ನೋಡಿದ. ಎದುರಿಗೆ ಹೊಗೆಯ ಕೊಳವೆ ಇಲ್ಲ, ಗಿರಣಿ ಇಲ್ಲ, ಕಸದ ಗುಡ್ಡೆ ಇಲ್ಲ. ಇದ್ದದ್ದು ತಾವಿರುವ ಕಟ್ಟಡವೊಂದೇ. ಅದರಲ್ಲಿ ಅವನಿಗೆ ಯಾವ ದೋಷವೂ ಕಾಣಲಿಲ್ಲ. ಇಷ್ಟು ಗೂಢವಾದ ದೋಷವೆಂದರೆ ಇದು ಸಾಮಾನ್ಯದ್ದಲ್ಲ ಎಂದುಕೊಂಡು ಇನ್ನಷ್ಟು ಹುರುಪಿನಿಂದ ಮನೆಗೆ ಬಂದ.

ಉತ್ತರ ಶುಕ್ರವಾರ ಮಧ್ಯಾಹ್ನ ತಾನಾಗಿಯೇ ಅಂಗಡಿಗೆ ನಡೆದುಬಂತು. ಬಾಗಿಲು ತಳ್ಳಿಕೊಂಡು ಒಳಗೆ ಬಂದವರು ಕುಂಡದಮ್ಮ. ಹೆಜ್ಜೆ ತಡವರಿಸಿ ಇಡುತ್ತಿದ್ದರು. ದೂರದ್ದೆಲ್ಲ ಮಸುಕಂತೆ, ಮೂರು ವರ್ಷದಿಂದ ಬರಬೇಕು ಬರಬೇಕು ಎಂದು ಮುಂದೂಡಿದ್ದಂತೆ. ಅವನು ಒಂದೇ ನೋಟಕ್ಕೆ ಗುರುತು ಹಿಡಿದ. ಅವರು ಹಿಡಿಯಲಿಲ್ಲ. ಒಳಗೊಳಗೇ ಕುಣಿದಾಡಿದ ಅವನು ಅವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆಯ ದಪ್ಪ ಫ್ರೇಮನ್ನು ಮೂಗಿನ ಮೇಲಿಟ್ಟು, ಗಾಜು ಹಾಕುತ್ತಾ ತೆಗೆಯುತ್ತಾ, ಮಾತಿಗೆ ಮಾತು ಸೇರಿಸಿದ. ಎಲ್ಲಿ ಮನೆ? ಈಗ ಮಾರುಕಟ್ಟೆ ಹತ್ತಿರ. ಮೊದಲು? ಮೊದಲಿದ್ದ ಮನೆ ಬಹಳ ಚೆನ್ನಾಗಿತ್ತು, ಬಿಡಬೇಕಾಗಿ ಬಂತು.

“ಅಯ್ಯೋ, ಯಾಕಮ್ಮಾ?” ಎಂದ, ಆದಷ್ಟು ಹಗುರವಾಗಿ.

“ಎದುರುಮನೇಲಿ ಒಬ್ಬ ಇದ್ದ. ಬೆಳಗ್ಗೆ, ಸಂಜೆ, ಕಿಟಕೀಲಿ ನಿಂತ್ಕೊಂಡು ನನ್ನ ಮನೇನೇ ನೋಡ್ತಿದ್ದ. ಮುಖ ಕಾಣ್ತಿರಲಿಲ್ಲ ನಂಗೆ, ಆಕಾರ ಅಷ್ಟೇ. ಎಡಗೈ ಸೊಂಟದ ಮೇಲೆ, ಬಲಗೈಲಿ ನೀಲಿ ಕಪ್ಪು. ತಲೆ ಮಾತ್ರ ಈ ಕಡೆಯಿಂದ ಆ ಕಡೆಗೆ, ಟೇಬಲ್ ಫ್ಯಾನ್ ತರಹ. ಗಿಡದ ಹತ್ರ ನಾಲ್ಕು ಮಾತಾಡೋಕೂ ನಾಚಿಕೆಯಾಗಿ ಹೋಗ್ತಿತ್ತು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕನ್ನಡಕದವನು ಸೊಂಟ ಮುಟ್ಟಿ ನೋಡಿಕೊಂಡ. ಎಡಗೈ ಅಲ್ಲೇ ಇತ್ತು. ಮೆಲ್ಲಗೆ ಇಳಿಸಿದ. ಬಲಗೈಯಲ್ಲಿ ಕಪ್ಪಿನ ಬದಲು ಗಾಜಿನ ಬಿಲ್ಲೆಯಿತ್ತು. ಮೂರು ಸಂಸಾರ ಆ ಮನೆಯಿಂದ ಎದ್ದದ್ದು ನೀರಿಗಲ್ಲ, ತೇವಕ್ಕಲ್ಲ, ತನ್ನಿಂದ. ಹಗ್ಗದ ತಾತ ಅರವತ್ತಕ್ಕೇ ನಿಲ್ಲಿಸುತ್ತಿದ್ದುದು ಮೋಸವಲ್ಲ, ಸಂಕೋಚ. ಅವನಿಗೆ ಕಿವಿಯವರೆಗೂ ಬಿಸಿಯೇರಿತು. ಇಷ್ಟು ನಾಚಿಕೆ ಅವನಿಗೆ ಬದುಕಿನಲ್ಲಿ ಯಾವತ್ತೂ ಆಗಿರಲಿಲ್ಲ.

ಆದರೆ ಕೆಲಸ ಕೆಲಸವೇ. ಕೈಯಲ್ಲಿದ್ದ ಗಾಜನ್ನು ಹಾಕಲೇಬೇಕಾಯಿತು. ಅದು ಸರಿಯಾದ ಗಾಜು. ಕುಂಡದಮ್ಮ ಬೋರ್ಡಿನ ಕೊನೆಯ ಸಾಲನ್ನು ತಡೆಯಿಲ್ಲದೆ ಓದಿದರು. ಆಮೇಲೆ ತಲೆ ತಿರುಗಿಸಿ, ಅಂಗಡಿಯ ಆ ತುದಿಯ ಕನ್ನಡಿಯಲ್ಲಿ ಅವನನ್ನು, ಅವನ ನಿಲುವನ್ನು, ಬಾಗಿಲ ಕಡೆಯಿಂದ ಬೋರ್ಡಿನ ಕಡೆಗೆ ತಾನಾಗಿಯೇ ತಿರುಗುತ್ತಿದ್ದ ಅವನ ತಲೆಯನ್ನು ನೋಡಿದರು. ಸ್ವಲ್ಪ ಹೊತ್ತು ನೋಡಿದರು.

“ಈಗ ಹೇಗೆ ಕಾಣತ್ತಮ್ಮಾ?”

“ಚೆನ್ನಾಗಿ ಕಾಣತ್ತೆ” ಎಂದರು ನಿಧಾನವಾಗಿ. “ಆ ಮನೆ ಬಾಲ್ಕನೀಲಿ ಒಂದು ಕುಂಡ ಮರೆತು ಬಂದಿದ್ದೆ. ಒಣಗಿ ಹೋಗಿದೆಯೋ ಏನೋ.”

“ಇಲ್ಲ ಇಲ್ಲ, ಎರಡು ಹೊಸ ಎಲೆ ಬಿಟ್ಟಿದೆ” ಎಂದ.

ಬಾಯಿಂದ ಜಾರಿದ ಮೇಲೆ ಗೊತ್ತಾಯಿತು. ಕುಂಡದಮ್ಮ ಫ್ರೇಮ್ ಕಳಚಿ ಅವನ ಕೈಗಿಟ್ಟು, ಬುಧವಾರ ಬರುತ್ತೇನೆ, ಕನ್ನಡಕ ಗಟ್ಟಿಯಾಗಿರಲಿ ಎಂದು ಹೇಳಿ ಹೊರಟರು. ಬಾಗಿಲ ಹತ್ತಿರ ಮಾತ್ರ ಒಮ್ಮೆ ತಿರುಗಿ, ವಾರಕ್ಕೆರಡು ಸಲ ನೀರು ಹಾಕಿದರೆ ಸಾಕು ಎಂದರು.

ಆ ಸಂಜೆ ಅವನು ಕಿಟಕಿಗೆ ಬೆನ್ನು ಹಾಕಿ ಚಹಾ ಕುಡಿದ. ಆ ಮನೆ ನಮಗೆ ಆಗಿಬರಲ್ಲ, ಬಿಟ್ಟುಬಿಡೋಣ ಎಂದ. ಮಿಸ್ ಸುಮ್ಮನೆ ಕಾರಣ ಕೇಳಿದಳು. ಎದುರುಗಡೆ ಸರಿಯಿಲ್ಲವಂತೆ ಎಂದ.

“ಎದುರುಗಡೆ ಇರೋದು ನಾವೇ ಅಲ್ವಾ?”

“ಅದೇ” ಎಂದ ಅವನು, ಕಪ್ಪಿನೊಳಗೆ ನೋಡುತ್ತ.

ಅವಳು ನಗುತ್ತಾಳೆ ಎಂದುಕೊಂಡಿದ್ದ. ನಗಲಿಲ್ಲ. ಬೀದಿಗೆಲ್ಲ ಇದು ಗೊತ್ತಿದೆ, ನಮ್ಮ ಬೀದಿಗೆ ಇಬ್ಬರು ವಾಚ್‌ಮನ್, ಒಬ್ಬನಿಗೆ ಸಂಬಳ ಇಲ್ಲ ಎಂದು ವಾಚ್‌ಮನ್ ಹೇಳಿಕೊಂಡು ತಿರುಗುತ್ತಾನೆ ಎಂದು ತಿಳಿಸಿದಳು. ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದ. ಸಾವಿರ ಸಲ ಹೇಳಿದ್ದೀನಿ, ಕಿಟಕಿ ಹಾಕಿ ಅಂದರೆ ಸೆಖೆ ಅಂತೀರಿ ಎಂದಳು. ಅದೂ ನಿಜವೇ. ಆಮೇಲೆ ಅವಳ ದನಿ ಇಳಿಯಿತು.

“ನೋಡಿ, ಒಂದೊಂದ್ ದಿನ ನಂಗೆ ಸುಮ್ಮನೆ ಅಳು ಬರತ್ತೆ. ಏನೂ ಆಗಿರಲ್ಲ, ಸುಸ್ತು ಅಷ್ಟೇ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅಳ್ತೀನಿ. ಅದಕ್ಕೂ ನೀವು ಹೊರಗಡೆಯಿಂದ, ನೀರು ಯಾಕೆ ಇಷ್ಟು ಹೊತ್ತು ಅಂತ ಕೇಳ್ತೀರಿ. ನಂಗೆ ಆ ಬಾಗಿಲು ಬೇಕು.”

ಒಂಬತ್ತು ವರ್ಷ ಜೊತೆಗಿದ್ದು, ಹಗ್ಗದ ತಾತನ ಜಿಗಿತದ ಲೆಕ್ಕ ಗೊತ್ತಿದ್ದವನಿಗೆ ಇದು ಗೊತ್ತಿರಲಿಲ್ಲ. ಭಾನುವಾರ ಹೋಗೋಣ ಎಂದ.

ಭಾನುವಾರ ಮನೆಯೊಡತಿ ಒಪ್ಪಂದದ ಕಾಗದ ತಂದಿದ್ದರು. ಸಹಿಗೆ ಮುಂಚೆ ಪೆನ್ನನ್ನು ಕೈಯಲ್ಲೇ ಹಿಡಿದು, ನೀವು ಮಕ್ಕಳಿಗೆ ಪಾಠ ಹೇಳುವವರು, ನಿಮಗೆ ಮುಚ್ಚಿಡಬಾರದು ಎಂದರು. ಎದುರುಗಡೆ ಒಬ್ಬ ಇದ್ದಾನಂತೆ. ನಾನು ಖುದ್ದು ನೋಡಲೆಂದು ಒಂದು ದಿನ ಹನ್ನೊಂದು ಗಂಟೆಗೆ ಬಂದಿದ್ದೆ, ಕಿಟಕಿ ಮುಚ್ಚಿತ್ತು. ಆದರೆ ಬಿಟ್ಟುಹೋದವರೆಲ್ಲ ಹೇಳುವುದು ಅವನನ್ನೇ. ಇವತ್ತೇ ಹೇಳಿಬಿಟ್ಟಿದ್ದೇನೆ, ಆಮೇಲೆ ನನ್ನನ್ನು ದೂರಬೇಡಿ.

ಕನ್ನಡಕದವನು ಚಾವಣಿಯಲ್ಲಿ ಬಿರುಕು ಹುಡುಕತೊಡಗಿದ.

“ಅವನು ನಂಗೆ ಗೊತ್ತಮ್ಮ” ಎಂದಳು ಮಿಸ್, ಮುಖದ ಒಂದು ಗೆರೆಯೂ ಅಲುಗದ ಹಾಗೆ. “ನಾವು ಈ ಮನೆಗೆ ಬಂದ ದಿನದಿಂದ ಅವನು ಆ ಕಿಟಕೀಲಿ ನಿಲ್ಲಲ್ಲ. ಅದಕ್ಕೆ ನಾನು ಜವಾಬ್ದಾರಿ.”

“ಎಂಥಾ ಮನುಷ್ಯ?”

“ಕೆಟ್ಟವನಲ್ಲ. ಬಿಡುವು ಜಾಸ್ತಿ.”

ಮನೆಯೊಡತಿ ಗಂಡನ ಕಡೆ ತಿರುಗಿ, ನಿಮಗೂ ಪರಿಚಯವೇ ಎಂದರು. ಅಷ್ಟಾಗಿ ಇಲ್ಲ ಎಂದ ಅವನು. ಅದು ಪೂರ್ತಿ ಸುಳ್ಳೂ ಅಲ್ಲ. ತನ್ನ ಬೆನ್ನು ತನಗೆ ಕಾಣದು. ಹೆಡ್ ನರ್ಸ್ ಅವನ ಮುಖವನ್ನು ಜ್ವರ ನೋಡುವವರಂತೆ ನೋಡಿ, ಮಾತಿನ ಮೇಲೆ ನಂಬಿಕೆ ಸಾಲದೆ, ಎದುರುಮನೆಯವನ ಕಾಟಕ್ಕೆ ಬಾಡಿಗೆದಾರಳೇ ಹೊಣೆ ಎಂದು ಕಾಗದದ ಕೆಳಗೆ ಕೈಯಾರೆ ಒಂದು ಸಾಲು ಬರೆದರು. ಹೆಂಡತಿ ಸಹಿ ಮಾಡಿದಳು. ಗಂಡ ಸಾಕ್ಷಿಯ ಜಾಗದಲ್ಲಿ ಸಹಿ ಮಾಡಿದ. ಬದಲಿಗೆ ಮಿಸ್ ಕೇಳಿದ್ದು ಒಂದೇ, ಮಲಗುವ ಕೋಣೆಗೆ ಒಳಗಿನಿಂದ ಹೊಸ ಚಿಲಕ.

ಮನೆ ಬದಲಾಯಿಸುವ ಕೆಲಸಕ್ಕೆ ಲಾರಿ ಬೇಕಾಗಲಿಲ್ಲ. ಮಂಚವನ್ನು ಇಬ್ಬರು ಹೊತ್ತು ಇಪ್ಪತ್ತೆರಡು ಹೆಜ್ಜೆಯಲ್ಲಿ ಬೀದಿ ದಾಟಿದರು. ವಾಚ್‌ಮನ್ ಎದ್ದು ನಿಂತು ಸಲಾಮು ಹೊಡೆದ. ಅದರಲ್ಲಿ ಮರ್ಯಾದೆ ಎಷ್ಟಿತ್ತು, ಚೇಷ್ಟೆ ಎಷ್ಟಿತ್ತು ಎಂದು ಅಳೆಯುವ ಗಾಜು ಕನ್ನಡಕದವನ ಬಳಿ ಇರಲಿಲ್ಲ.

ಹೊಸ ಮನೆಯ ಕಟ್ಟಳೆ ಸರಳ. ಸಂಜೆ ಆರರಿಂದ ಏಳು ಮಲಗುವ ಕೋಣೆ ಮಿಸ್‌ಗೆ ಸೇರಿದ್ದು. ಟಕ್ ಎಂದು ಚಿಲಕ ಬೀಳುತ್ತಿತ್ತು. ಮೊದಲ ದಿನ ಅವನು ದೊಡ್ಡ ಮನಸ್ಸಿನಿಂದ ಹಾಲಿನಲ್ಲಿ ಕೂತ. ಎರಡನೆಯ ದಿನ ಒಳಗೆ ಕುರ್ಚಿ ಎಳೆದ ಸದ್ದಾಯಿತು. ಮೂರನೆಯ ದಿನ ಏನೋ ಹರಿದ ಸದ್ದು, ಕಾಗದವೋ, ಬಟ್ಟೆಯೋ? ನಾಲ್ಕನೆಯ ದಿನ ಅವಳು ಒಬ್ಬಳೇ ನಕ್ಕಳು. ಏಳು ಗಂಟೆಗೆ ಹೊರಗೆ ಬಂದವಳನ್ನು, ಏನ್ ಮಾಡ್ತಿದ್ದೆ ಒಳಗೆ ಎಂದು ಕೇಳಿದ. ಏನೂ ಇಲ್ಲ ಎಂದಳು. ಅಳುತ್ತಿರಲಿಲ್ಲ ತಾನೇ ಎಂದ. ಇಲ್ಲ, ಈಗ ಅಳು ಬರಲ್ಲ ಎಂದಳು. ಅದು ಕೇಳಿ ಅವನಿಗೆ ನಿಜವಾಗಿಯೂ ಸಂತೋಷವಾಯಿತು. ಆದರೆ ಸಂತೋಷದಿಂದ ಕುತೂಹಲ ಆರುವುದಿಲ್ಲ. ಅಳುವಿಲ್ಲದಿದ್ದರೆ ಮತ್ತೇನು? ಊರವರ ಮನೆಯ ಸೋಫಾ ಯಾವ ಗೋಡೆಗಿದೆ ಎಂದು ಬಲ್ಲವನಿಗೆ ತನ್ನ ಮನೆಯ ಕೋಣೆಯೊಳಗೆ ಏನು ನಡೆಯುತ್ತದೆ ಎಂದು ಗೊತ್ತಿಲ್ಲ. ಅನ್ನ ಸೇರಲಿಲ್ಲ. ಅಂಗಡಿಯಲ್ಲಿ ಎಡಗಣ್ಣಿನ ಗಾಜು ಬಲಗಣ್ಣಿಗೆ ಹಾಕಿ ಬೈಸಿಕೊಂಡ.

ಆಗ ಅವನಿಗೆ ಒಂದು ವಿಷಯ ಹೊಳೆಯಿತು. ಈ ಕೋಣೆಯೊಳಗೆ ನೋಡಲು ಇಡೀ ಊರಿನಲ್ಲಿ ಒಂದೇ ಒಂದು ಜಾಗವಿತ್ತು. ಅದನ್ನು ಅವನೇ ಖಾಲಿ ಮಾಡಿ ಬಂದಿದ್ದ.

ಹಳೆಯ ಕೋಣೆಗೆ ಈಗ ಬೇಕರಿಯ ಕೆಲಸಗಾರನೊಬ್ಬ ಬಂದಿದ್ದ. ಬೆಳಗಿನ ಜಾವ ಬ್ರೆಡ್ಡು ಸುಡುವವನು, ಹಗಲು ಮಲಗುವವನು. ಕಿಟಕಿಗೆ ಸದಾ ದಪ್ಪ ಪರದೆ. ಒಂದು ಸಂಜೆ ಆರು ಹೊಡೆದು ಚಿಲಕ ಬೀಳುತ್ತಲೇ ಕನ್ನಡಕದವನು ಬೀದಿ ದಾಟಿದ. ಏನ್ ಸಾರ್, ವಾಪಸ್ ಡ್ಯೂಟಿಗಾ ಎಂದ ವಾಚ್‌ಮನ್. ಕೇಳಿಸದವನಂತೆ ಮೆಟ್ಟಿಲು ಹತ್ತಿದ. ಹಳೆಯ ಕೋಣೆಯ ಬಾಗಿಲು ತಟ್ಟಿ, ಗೋಡೆಯಲ್ಲಿ ಒಂದು ಕೊಕ್ಕೆ ಮರೆತಿದ್ದೆ, ತಗೊಂಡು ಹೋಗೋಣ ಅಂತ ಬಂದೆ ಎಂದ. ಆಗಷ್ಟೇ ಎದ್ದಿದ್ದ ಬೇಕರಿಯವನು ಪಾಪ ಒಳ್ಳೆಯವನು, ಕೂರಿಸಿ ಚಹಾ ಮಾಡಿಕೊಟ್ಟ. ಒಳಗೆ ಸೆಖೆ ಅಲ್ಲವೇ, ಪರದೆ ಸ್ವಲ್ಪ ಸರಿಸಲೇ ಎಂದು ಇವನು ಕೇಳಿದ. ಸರಿಸಿ ಎಂದ ಅವನು.

ಕನ್ನಡಕದವನು ಲೋಟ ಹಿಡಿದು ಕಿಟಕಿಗೆ ಬಂದ. ಎಡಗೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಎದುರುಗಡೆ ಮಲಗುವ ಕೋಣೆಯ ದೀಪ ಉರಿಯುತ್ತಿತ್ತು. ಕಿಟಕಿಗೆ ಸರಿಯಾಗಿ ಒಂದು ಕುರ್ಚಿ, ಪಕ್ಕದಲ್ಲಿ ಎರಡು ಹೊಸ ಎಲೆಯ ಕುಂಡ. ಕುರ್ಚಿಯಲ್ಲಿ ಮಿಸ್, ಕಾಲು ಮೇಲೆತ್ತಿಕೊಂಡು, ಕೈಯಲ್ಲಿ ಅವನದೇ ನೀಲಿ ಕಪ್ಪು. ಅವಳು ಪುಸ್ತಕ ಓದುತ್ತಿರಲಿಲ್ಲ, ಹೊಲಿಯುತ್ತಿರಲಿಲ್ಲ. ಈ ಕಿಟಕಿಯನ್ನೇ ನೋಡುತ್ತಿದ್ದಳು, ಬರಬೇಕಾದ ಬಸ್ಸು ಹೊತ್ತಿಗೆ ಸರಿಯಾಗಿ ಬಂದಾಗ ನೋಡುವ ಹಾಗೆ. ಕಪ್ಪನ್ನು ಅವನ ಕಡೆಗೆ ಒಂದಿಷ್ಟು ಎತ್ತಿ ತೋರಿಸಿ, ಒಂದು ಗುಟುಕು ಕುಡಿದು, ಎದ್ದು ಪರದೆ ಎಳೆದಳು.

ಅವನು ಮನೆಗೆ ಬಂದಾಗ ಚಿಲಕ ಹಾಕಿಯೇ ಇತ್ತು. ಸದ್ದಾಗದಂತೆ ಹಾಲಿನಲ್ಲಿ ಕೂತ. ಬಾಗಿಲ ಆಚೆಯಿಂದ ಅವಳ ದನಿ ಬಂತು.

“ರೀ, ಎದುರುಮನೆ ಚಹಾ ಹೇಗಿತ್ತು?”

“ಸಕ್ಕರೆ ಕಡಿಮೆ” ಎಂದ.